ನೀರು ಬಿದ್ದ ಕುರ್ಚಿ

ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ನೀರು ಬಿದ್ದರೆ ಒಂದು ವಾಸನೆ ಬರುತ್ತದೆ. ಹಳೆಯ ಕಾಸನ್ನು ನಾಲಿಗೆಯ ಮೇಲಿಟ್ಟುಕೊಂಡ ಹಾಗೆ... ಮೊನ್ನೆ ಮಗಳ ಮನೆಯ ತಾರಸಿಯಲ್ಲಿ ಗಿಡಗಳಿಗೆ ನೀರು ಹಾಕುವಾಗ ಪಕ್ಕದ ಕುರ್ಚಿಯ ಮೇಲೂ ಒಂದಿಷ್ಟು ಬಿತ್ತು. "ನೋಡ್ಕೊಂಡು ಹಾಕಮ್ಮ, ತುಕ್ಕು ಹಿಡಿಯುತ್ತೆ" ಎಂದು ಮಗಳು ಗದರಿದಳು. ನನಗೆ ಮಧುಗಿರಿಯ ಪಕ್ಕದ ಮನೆ ಮೇಷ್ಟ್ರು ನೆನಪಾದರು.

ನಾನು ಮದುವೆಯಾಗಿ ಮಧುಗಿರಿಗೆ ಹೋದದ್ದು ಐವತ್ತರ ದಶಕದ ಕೊನೆಯಲ್ಲಿ. ಅವರ ಅಂಗಳಕ್ಕೂ ನಮ್ಮ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಬಟ್ಟೆ ಒಣಗಹಾಕಲು ಹೋದರೆ ಆ ಮನೆಯ ಮಾತೆಲ್ಲ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬೇಡವೆಂದು ನಾನು ಅಂದದ್ದೂ ಇಲ್ಲ ಬಿಡಿ. ಮೇಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ, ಮಡಿಯ ವಿಷಯದಲ್ಲಿ ಕೂದಲು ಸೀಳುವ ಅವರ ತಾಯಿ, ಬೀದಿಗೆಲ್ಲ ಅಜ್ಜಿ.

ಮೇಷ್ಟ್ರಿಗೆ ಇದ್ದದ್ದು ಒಬ್ಬರೇ ಸ್ನೇಹಿತರು, ಶಿರಾದ ಕಡಲೆಕಾಯಿ ವ್ಯಾಪಾರಿ ಸಾಹೇಬರು. ತುಮಕೂರಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಾಹೇಬರು ಸಂತೆಗೆ ಬಂದ ದಿನ ಕೆಲಸ ಮುಗಿಸಿ, ಸಂಜೆಯ ಬಸ್ಸು ಹೊರಡುವ ತನಕ ಇಬ್ಬರೂ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚದುರಂಗ ಆಡುತ್ತಿದ್ದರು. ಸಾಹೇಬರನ್ನು ಒಳಗೆ ಕರೆಯುವ ಹಾಗಿರಲಿಲ್ಲ. ಜಗಲಿಗೂ ಅಜ್ಜಿಯ ಒಪ್ಪಿಗೆ ಇರಲಿಲ್ಲ. ಸ್ನೇಹಿತನನ್ನು ತನ್ನ ಮನೆಯಲ್ಲಿ ಕೂರಿಸಬೇಕು ಎನ್ನುವುದೊಂದೇ ಮೇಷ್ಟ್ರ ಆಸೆ. ಅಂಗಳಕ್ಕೆ ಕುರ್ಚಿ ಮಾಡಿಸುವ ಯೋಚನೆ ಬಂದದ್ದು ಹಾಗೆ.

ಅಜ್ಜಿ ಅದಕ್ಕೂ ಸುಲಭಕ್ಕೆ ಬಗ್ಗಲಿಲ್ಲ. ಮರ ಮೈಲಿಗೆ ಕುಡಿದುಬಿಡುತ್ತದಂತೆ. ಬೆತ್ತದ ಸಂದಿಗೆ ನೀರು ಹೋಗುವುದಿಲ್ಲವಂತೆ. ಹಿತ್ತಾಳೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರು? ವಾರಗಟ್ಟಲೆ ನಡೆದ ವಾದದ ಕೊನೆಗೆ ತೀರ್ಪು ಬಂತು: "ಕಬ್ಬಿಣ ಮಾಡಿಸ್ಕೋ. ಅದಕ್ಕಾದ್ರೆ ಒಂದು ಬಿಂದಿಗೆ ನೀರು ಹುಯ್ದ್ರೆ ಸಾಕು."

ನಾಲ್ಕು ಕುರ್ಚಿ ಬಂದವು, ಎಲ್ಲಕ್ಕೂ ಹಸಿರು ಬಣ್ಣ. ನೋಡಿದ ನಮ್ಮತ್ತೆ, "ಮೇಷ್ಟ್ರಿಗೆ ಬೇಕಾಗಿದ್ದು ಕುರ್ಚಿ ಅಲ್ಲ ಕಣಮ್ಮ, ಆ ಸಾಬ್ರನ್ನ ಕೂರ್ಸಾಕೆ ಒಂದು ಜಾಗ" ಎಂದರು. ನಿಜವೇ. ಮೊದಲ ದಿನ ಸಾಹೇಬರನ್ನು ಕೈ ಹಿಡಿದು ಕರೆತಂದ ಮೇಷ್ಟ್ರ ಮುಖ ನೋಡಬೇಕಿತ್ತು! ಮದುವೆ ಮನೆಯ ಯಜಮಾನನೂ ಅಷ್ಟು ಓಡಾಡುವುದಿಲ್ಲ.

ಕರಿಬೇವಿನ ಗಿಡದ ಪಕ್ಕದ ಕುರ್ಚಿ ಸಾಹೇಬರದು ಎಂದು ಅಜ್ಜಿ ಗೊತ್ತುಮಾಡಿದರು. ದಿಂಬು ಹಾಕುವಂತಿಲ್ಲ, ಬಟ್ಟೆಗೂ ಮೈಲಿಗೆ. ಬೇಸಿಗೆಯಲ್ಲಿ ಕುರ್ಚಿ ಕಾದ ಹೆಂಚಾಗಿರುತ್ತಿತ್ತು. ಸಾಹೇಬರು ಹೆಗಲ ಮೇಲಿನ ಟವೆಲ್ಲನ್ನೇ ಮಡಿಸಿ ಹಾಸಿಕೊಂಡು, "ಲೇ, ಇದೇನು ಕುರ್ಚಿನೋ, ರೊಟ್ಟಿ ತವಾನೋ?" ಎಂದು ನಗುತ್ತಿದ್ದರು. ಅವರು ಗೇಟು ದಾಟಿ ಹೋದ ಮೇಲೆ ಮೇಷ್ಟ್ರ ಹೆಂಡತಿ ಆ ಒಂದು ಕುರ್ಚಿಗೆ ಬಿಂದಿಗೆ ನೀರು ಹುಯ್ಯುತ್ತಿದ್ದರು. ಮೇಷ್ಟ್ರು ಆಗ ಒಳಗೆ ಹೋಗಿಬಿಡುತ್ತಿದ್ದರು. ಆ ಬೀದಿಯಲ್ಲಿ ಯಾವ ಮನೆಯಲ್ಲಾದರೂ ಅಷ್ಟೇ. ನಮ್ಮ ಮನೆಯಲ್ಲೂ ಅಷ್ಟೇ.

ಹೀಗೆ ಒಂದೆರಡು ವರ್ಷ ಕಳೆಯಿತು. ನಮ್ಮ ಸೀಮೆಯಲ್ಲಿ ಮಳೆಯೇ ಅಪರೂಪ. ಮೂರು ಕುರ್ಚಿಗಳು ಮಾಡಿಸಿ ತಂದಾಗ ಇದ್ದ ಹಾಗೇ ಇದ್ದವು. ಕರಿಬೇವಿನ ಪಕ್ಕದ ಕುರ್ಚಿ ಮಾತ್ರ ಕಾಲಿನಿಂದ ಬೆನ್ನಿನವರೆಗೂ ಕೆಂಪಗೆ ತುಕ್ಕು ಹಿಡಿಯಿತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಮೇಷ್ಟ್ರು ಉಪ್ಪುಕಾಗದ ಹಿಡಿದು ಉಜ್ಜಿ ಉಜ್ಜಿ ಬಣ್ಣ ಹಚ್ಚುತ್ತಿದ್ದರು.

ಒಂದು ಸಂತೆಯ ದಿನ ಬೆಳಿಗ್ಗೆ ಹಚ್ಚಿದ ಬಣ್ಣ ಸಂಜೆಗೂ ಒಣಗಿರಲಿಲ್ಲ. ಆಟ ಮುಗಿಸಿ ಎದ್ದ ಸಾಹೇಬರ ಬಿಳಿ ಪೈಜಾಮದ ತುಂಬ ಹಸಿರು ಪಟ್ಟೆ! ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಸಾಹೇಬರು ಉಳಿದ ಕುರ್ಚಿಗಳನ್ನು ಮುಟ್ಟಿ ನೋಡಿದರು. ಅವು ಒಣಗಿದ್ದವು, ಹಳೆಯ ಬಣ್ಣವೇ ಇತ್ತು. ತಾವು ಕೂತಿದ್ದ ಕುರ್ಚಿಯಲ್ಲಿ ಮಾತ್ರ ಹೊಸ ಬಣ್ಣದ ಅಡಿಯಿಂದ ತುಕ್ಕು ಇಣುಕುತ್ತಿತ್ತು.

"ಅರೆ, ನಿಮ್ಮ ಮಧುಗಿರೀಲಿ ಮಳೆ ಇದೊಂದು ಕುರ್ಚಿ ಮ್ಯಾಲೇ ಬೀಳ್ತದೇನೋ?"

ತಮಾಷೆಗೇ ಕೇಳಿದ್ದು. ಕೇಳಿದ ಮೇಲೆ, ಬಾಗಿಲ ಪಕ್ಕದಲ್ಲಿ ಆಗಲೇ ತುಂಬಿಟ್ಟಿದ್ದ ಬಿಂದಿಗೆ ಅವರ ಕಣ್ಣಿಗೆ ಬಿತ್ತು... ಮೇಷ್ಟ್ರು ತಲೆ ತಗ್ಗಿಸಿದರು. ಸಾಹೇಬರು ಟವೆಲ್ ಹೆಗಲಿಗೆ ಹಾಕಿಕೊಂಡು, "ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟರು.

ಮುಂದಿನ ಸಂತೆಗೆ ಬರಲಿಲ್ಲ. ಅದರ ಮುಂದಿನ ಸಂತೆಗೆ ಬಂದರು, ಬಸ್ಸಿನ ಟಾಪಿನ ಮೇಲಿಂದ ಒಂದು ಕುರ್ಚಿ ಇಳಿಸಿಕೊಂಡು. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಕುರ್ಚಿ, ಬೆಂಗಳೂರಿನಿಂದ ತರಿಸಿದ್ದಂತೆ. ಅದನ್ನು ಕರಿಬೇವಿನ ಪಕ್ಕದಲ್ಲಿಟ್ಟು, ಸ್ವಲ್ಪವೂ ದನಿ ಎತ್ತದೆ ಹೇಳಿದರು:

"ಇದಕ್ಕೆ ತುಕ್ಕು ಹಿಡಿಯಲ್ಲ ಕಣೋ. ನಿಮ್ಮೋರು ಎಷ್ಟು ಬೇಕಾದ್ರೂ ತೊಳ್ಕೊಳ್ಳಲಿ."

ಗೋಡೆಯ ಈಚೆ ಬಟ್ಟೆ ತೆಗೆಯುತ್ತಿದ್ದ ನಾನೇ ಕೆಲಸ ಬಿಟ್ಟು ನಿಂತೆ. ಮೇಷ್ಟ್ರಿಗೆ ಹೇಗಾಗಿರಬೇಡ! ಸಾಹೇಬರು ಅದರಲ್ಲೇ ಕೂತು ಒಂದು ಆಟ ಆಡಿದರು, ಟೀ ಕುಡಿದರು, ಹೋದರು.

ಅಜ್ಜಿ ಎಂದಿನಂತೆ ಒಳಗಿನಿಂದ ಸೊಸೆಗೆ ಕೂಗಿ ಹೇಳಿದರು. ಸೊಸೆ ಬಿಂದಿಗೆ ತರುವಷ್ಟರಲ್ಲಿ ಮೇಷ್ಟ್ರು ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು.

"ಏಳೋ, ಇನ್ನೂ ತೊಳೆದಿಲ್ಲ!" ಬಾಗಿಲಿಗೆ ಬಂದ ಅಜ್ಜಿ ಚೀರಿದರು.

"ತೊಳೀಲೇಬೇಕು ಅಂದ್ರೆ ನನ್ನ ಮೇಲೇ ಹುಯ್ಯಮ್ಮ."

ಸೊಸೆ ಅತ್ತೆಯ ಮುಖ ನೋಡಿದರು, ಗಂಡನ ಮುಖ ನೋಡಿದರು. ಬಿಂದಿಗೆಯನ್ನು ಕೆಳಗಿಟ್ಟು ಒಳಗೆ ನಡೆದರು. ಅಜ್ಜಿ ಅವತ್ತು ಊಟ ಮಾಡಲಿಲ್ಲ. ಊಟಕ್ಕೆ ಬಾ ಎಂದು ಮಗ ಕರೆಯಲೂ ಇಲ್ಲ.

ಸಾಹೇಬರು ಮತ್ತೆ ಆ ಮನೆಗೆ ಬರಲಿಲ್ಲ. ವ್ಯಾಪಾರ ಪಾವಗಡದ ಕಡೆಗೆ ಹೆಚ್ಚಾಗಿದೆ ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದರು. ಸಂತೆಯ ದಿನ ಮೇಷ್ಟ್ರು ಚದುರಂಗ ಹರಡಿಕೊಂಡು, ಬಸ್ಸು ಹೋದ ಸದ್ದು ಕೇಳುವ ತನಕ ಕೂತಿರುತ್ತಿದ್ದರು. ನೀವೇ ಒಂದು ಸಲ ಶಿರಾಕ್ಕೆ ಹೋಗಿ ಬನ್ನಿ ಎಂದು ನಮ್ಮ ಮನೆಯವರು ಹೇಳಿ ನೋಡಿದರು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದರಂತೆ.

ಈಗ ಅಜ್ಜಿಯೂ ಇಲ್ಲ, ಮೇಷ್ಟ್ರೂ ಇಲ್ಲ, ಸಾಹೇಬರೂ ಹೋಗಿ ಎಷ್ಟೋ ಕಾಲವಾಯಿತು. ಎರಡು ಊರಿನ ನಡುವೆ ದಿನಕ್ಕೆ ಅಷ್ಟೊಂದು ಬಸ್ಸು ಓಡಾಡುತ್ತಿದ್ದವು. ಆ ಸಂಜೆಯಿಂದ ಮುಂದೆ ಆ ಕುರ್ಚಿಯ ಮೇಲೆ ಆ ಮನೆಯವರು ಒಂದು ಹನಿ ನೀರು ಹಾಕಲಿಲ್ಲ ಎನ್ನುವ ಮಾತು ಮಾತ್ರ ಶಿರಾವನ್ನು ಮುಟ್ಟಲೇ ಇಲ್ಲ.