ಗಂಟೆ ಪಿಚ್ಚರಿನ ಐದು ಕೆಲಸ

ನಾನು ಮೊದಲ ಸಲ ಸಿನೆಮಾ ನೋಡಿದ್ದು ಹಗಲು ಹನ್ನೊಂದು ಗಂಟೆಗೆ, ಬಾಯಮ್ಮನ ಮನೆಯ ಚಾವಡಿಯಲ್ಲಿ. ಸಂಜೆಯಾದರೆ ನಮ್ಮ ಪೈವಳಿಕೆಯ ಕಡೆ ವೋಲ್ಟೇಜ್ ಇಳಿದು ಟೀವಿಯ ಚಿತ್ರ ಅಂಗೈಯಷ್ಟಕ್ಕೆ ಕುಗ್ಗುತ್ತಿತ್ತು. ಹಾಗಾಗಿ ಶನಿವಾರ ಬೆಳಿಗ್ಗೆ ನಾವು ಏಳೆಂಟು ಮಕ್ಕಳು ಹೋಗಿ ಕೂರುತ್ತಿದ್ದೆವು. ಕಿಟಕಿ ಮುಚ್ಚಿದರೂ ಮಾಡಿನ ಗಾಜಿನ ಹಂಚಿನಿಂದ ಬಿಸಿಲಿನ ಒಂದು ಕೋಲು ಇಳಿದು ನೆಲದ ಮೇಲೆ ಮೆಲ್ಲ ಸರಿಯುತ್ತಿತ್ತು. ಅದು ನನ್ನ ಕಾಲಿನಿಂದ ಹೊಸ್ತಿಲಿನ ತನಕ ಹೋಗುವಷ್ಟರಲ್ಲಿ ಸಿನೆಮಾ ಮುಗಿಯುತ್ತಿತ್ತು.

ಅವರದು ಕೊಂಕಣಿ ಮಾತಾಡುವ ಕ್ರಿಸ್ತಿಯನ್ನರ ಮನೆ. ಊರವರೆಲ್ಲ ಅವರನ್ನು ಕರೆಯುವುದು ಬಾಯಮ್ಮ ಎಂದೇ. ಕುವೈಟಿನಲ್ಲಿ ನರ್ಸ್ ಆಗಿದ್ದರು, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ನಮ್ಮ ಸಿನೆಮಾ ಆಗ ಮಾತ್ರ. ಒಂದು ಸಲ ವಿಸಿಆರ್ ತಂದರು, ಜೊತೆಗೆ ಒಂದು ಡಜನ್ ಕ್ಯಾಸೆಟ್. ನಮ್ಮ ಮಳೆಗಾಲಕ್ಕೆ ಹನ್ನೊಂದಕ್ಕೆ ಬೂಷ್ಟು ಹಿಡಿದು ಒಂದು ಮಾತ್ರ ಉಳಿಯಿತು. ಅದರ ಹೊದಿಕೆಯಲ್ಲಿ ಹೆಸರೇ ಇರಲಿಲ್ಲ. ನಾವು ಅದನ್ನು ಗಂಟೆ ಪಿಚ್ಚರ್ ಎಂದೆವು.

ಒಂದು ರಾಜ್ಯದಲ್ಲಿ ಬೆಳಗಾಗುವುದು ನಿಂತುಹೋಗಿದೆ. ಮಂಜು ಇಳಿದದ್ದು ಏಳುವುದಿಲ್ಲ, ಜನ ಮಲಗಿದಲ್ಲೇ ಮಲಗಿದ್ದಾರೆ. ಬೆಟ್ಟದ ತುದಿಯ ಗೋಪುರದಲ್ಲಿ ಗಂಟೆ ಬಾರಿಸಿದರೆ ಮಾತ್ರ ಬೆಳಕು ಬರುತ್ತದೆ. ಐದು ಜನ ಹೆಂಗಸರು ಒಂದು ದೊಡ್ಡ ಗಂಟೆಯನ್ನು ಹೊತ್ತುಕೊಂಡು ಹೊರಡುತ್ತಾರೆ. ಅವರಲ್ಲೊಬ್ಬಳು ಮುದುಕಿ. ಅವರು ಮಾತಾಡುವ ಭಾಷೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬಾಯಮ್ಮ ಟೀವಿಯ ಪಕ್ಕ ಸ್ಟೂಲು ಹಾಕಿ ಕೂತು, ಆ ಹೆಂಗಸರು ಬಾಯಿ ಆಡಿಸಿದಂತೆ ಕನ್ನಡದಲ್ಲಿ ಹೇಳುತ್ತಿದ್ದರು. "ಈಗ ಎಂತ ಹೇಳ್ತಾಳೆ ಗೊತ್ತುಂಟಾ? ನನ್ನ ಕೈ ಸೋತಿತು, ನೀನು ಸ್ವಲ್ಪ ಹಿಡಿ ಅಂತ." ಬೆಟ್ಟದ ಮೆಟ್ಟಿಲಿನ ಬುಡದಲ್ಲಿ ಮುದುಕಿ ಕೂತುಬಿಡುವಾಗ ನಮ್ಮಲ್ಲಿ ಒಬ್ಬರಾದರೂ ಅಳುತ್ತಿದ್ದರು. "ಅಳಬೇಡ, ಅವಳು ನೀರು ಕುಡಿದು ಬೇರೆ ದಾರಿಯಲ್ಲಿ ಬರ್ತಾಳೆ. ಕಡೆಗೆ ನೋಡು, ಹಗ್ಗ ಎಳೆಯುವ ಕೈ ಅವಳದ್ದೇ" ಎನ್ನುತ್ತಿದ್ದರು ಬಾಯಮ್ಮ. ಹೌದು, ಕಡೆಯ ದೃಶ್ಯದಲ್ಲಿ ಒಂದು ಕೈ ಮಾತ್ರ ಕಾಣುತ್ತಿತ್ತು. ಟೇಪು ಅಲ್ಲಿ ಸವೆದುಹೋಗಿ ಕೈಯ ಮೇಲೆ ಬಿಳಿ ಗೆರೆಗಳು ಓಡುತ್ತಿದ್ದವು.

ನಾನು ದೊಡ್ಡವಳಾಗಿ ಶಾಲೆಯಲ್ಲಿ ಡ್ರಿಲ್ ಟೀಚರ್ ಆದೆ. ಊರಿನಲ್ಲೇ ಮದುವೆ, ಊರಿನಲ್ಲೇ ಕೆಲಸ. ವರ್ಷಗಳು ಕಳೆದ ಹಾಗೆ ನನ್ನ ಡ್ರಿಲ್ ಪೀಪಿ ಊದುವುದಕ್ಕೆ ಇಳಿಯಿತು. ಮೂರು ವರ್ಷದ ಹಿಂದೆ ಸ್ಪೋರ್ಟ್ಸ್ ಡೇಗೆ ಮೊದಲು, ರಿಲೇಯಲ್ಲಿ ಕೋಲು ಕೊಡುವುದು ಹೇಗೆಂದು ತೋರಿಸಲು ನಾನೇ ಓಡಿದೆ. ಗ್ರೌಂಡಿನ ಕಾಲು ಭಾಗ ದಾಟುವಾಗ ಎದೆ ಬಿಗಿಯಿತು, ಮೊಣಕಾಲು ಹಿಡಿದು ನಿಂತೆ. ಮಕ್ಕಳು ನಗಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದರು. ಅದೇ ಹೆಚ್ಚು ನೋವಾದದ್ದು.

ಆ ವಾರ ಮೊಬೈಲಿನಲ್ಲಿ ವ್ಯಾಯಾಮಗಳನ್ನು ಹುಡುಕುತ್ತಾ ಇದ್ದಾಗ ಒಂದು ಚಿತ್ರ ಕಂಡು ಬೆರಳು ನಿಂತಿತು. ಮಂಜಿನಲ್ಲಿ ಐದು ಹೆಂಗಸರು, ನಡುವೆ ಗಂಟೆ. ನಮ್ಮ ಪಿಚ್ಚರೇ! ಅದು ಬಂದ ಕಾಲದಲ್ಲಿ ಯಾರೂ ನೋಡಲಿಲ್ಲವಂತೆ, ಒಂದೇ ವಾರದಲ್ಲಿ ಥಿಯೇಟರಿನಿಂದ ತೆಗೆದರಂತೆ. ಎಷ್ಟೋ ವರ್ಷದ ಮೇಲೆ ಅದರ ಹುಚ್ಚು ಹಿಡಿದವರು ದೇಶದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ. ಅದೇ ಬಟ್ಟೆ ಹಾಕಿ ಸೇರುತ್ತಾರೆ, ಅದರ ಮಾತುಗಳನ್ನು ಬಾಯಿಪಾಠ ಹೇಳುತ್ತಾರೆ. ಅವರಲ್ಲಿ ಕೆಲವರು ಸಿನೆಮಾದ ಐದು ದೃಶ್ಯ ಹಿಡಿದು ಐದು ಕಸರತ್ತು ಮಾಡಿದ್ದಾರೆ. ಗಂಟೆಯನ್ನು ಹೊಂಡದಿಂದ ಎತ್ತಿದ ಹಾಗೆ ಭಾರ ಎತ್ತಬೇಕು, ಬಯಲು ದಾಟಿದ ಹಾಗೆ ಅದನ್ನು ಹೊತ್ತು ನಡೆಯಬೇಕು, ಏರಿನಲ್ಲಿ ಹಗ್ಗ ಹಿಡಿದು ಎಳೆಯಬೇಕು, ಬೇರುಗಳ ಗುಹೆಯಲ್ಲಿ ಹೋದ ಹಾಗೆ ತೆವಳಬೇಕು, ಕಡೆಗೆ ಕೋಟೆ ಬಾಗಿಲನ್ನು ಬೆನ್ನಿನಲ್ಲಿ ತಡೆದ ಹಾಗೆ ಗೋಡೆಗೆ ಒರಗಿ, ಕುರ್ಚಿ ಇಲ್ಲದೆ ಕೂತು ತಡೆದುಕೊಳ್ಳಬೇಕು. ನಡುವೆ ನಿಲ್ಲಬಾರದು. ಐದೂ ಆದರೆ ಒಂದು ಸುತ್ತು.

ನಮ್ಮ ಮನೆಯ ಹಿಂದೆ ಹತ್ತಿದರೆ ಪದವು, ಕೆಂಪುಕಲ್ಲಿನ ಬಯಲು. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಅಲ್ಲಿ ಮುಳಿಹುಲ್ಲಿನ ತುದಿ ಮಾತ್ರ ಕಾಣುತ್ತದೆ, ಬಾಕಿ ಎಲ್ಲ ಮಂಜು. ನಾನು ಪೇಂಟಿನ ಖಾಲಿ ಬಕೆಟಿಗೆ ಅರ್ಧದ ತನಕ ಹೊಯಿಗೆ, ಹೊಳೆಯ ಮರಳು, ತುಂಬಿಸಿ ಅದೇ ಗಂಟೆ ಅಂದುಕೊಂಡೆ. ಸ್ಕೂಟರಿನ ಹಳೆಯ ಟಯರಿಗೆ ಬಾವಿಯ ಹಗ್ಗ ಕಟ್ಟಿದೆ. ಕಲ್ಲು ತೆಗೆದು ಬಿಟ್ಟುಹೋದ ಕೋರೆಯ ನೇರ ಗೋಡೆ ನನ್ನ ಕೋಟೆ. ಮೊದಲ ದಿನ ಮೂರನೆಯ ಕೆಲಸದಲ್ಲೇ ಮಲಗಿಬಿಟ್ಟೆ. ಬೆನ್ನಿಗೆ ತಣ್ಣನೆಯ ಪಾರೆಕಲ್ಲು, ಮುಖದ ಮೇಲೆ ಮಂಜು, ನನ್ನ ಉಸಿರಿನ ಸದ್ದು ಬೇರೆ ಯಾರದೋ ಹಾಗೆ ದೂರದಿಂದ ಕೇಳುತ್ತಿತ್ತು. ನಾನು ಹತ್ತು ವರ್ಷದವಳೋ ನಲವತ್ತೈದರವಳೋ ಎಂದು ಸ್ವಲ್ಪ ಹೊತ್ತು ಗೊತ್ತಾಗಲಿಲ್ಲ.

ಬಾಯಮ್ಮನ ಮನೆ ಪದವಿನ ಅಂಚಿನಲ್ಲೇ. ಕೆಲಸದಿಂದ ನಿವೃತ್ತರಾಗಿ ಬಂದು ಅಕ್ಕನ ಜೊತೆ ಇದ್ದರು. ಅಕ್ಕ ಟೈಲರ್, ಇಬ್ಬರಿಗೂ ಮದುವೆ ಆಗಿಲ್ಲ. ಆ ವರ್ಷ ಮಳೆಗಾಲದಲ್ಲಿ ಬಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಆಗಿ ಒಳಗೆ ರಾಡ್ ಹಾಕಿದ್ದರು. ಮೂಳೆ ಕೂಡಿದೆ, ನಡೆಯಲಿ ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿತ್ತು. ಇವರು ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬಾತ್‌ರೂಮಿಗೆ ಹೋಗುವುದೂ ಅಕ್ಕನ ಹೆಗಲು ಹಿಡಿದು. ನಾನು ಒಮ್ಮೆ ಬುದ್ಧಿ ಹೇಳಲು ಹೋಗಿದ್ದೆ.

"ನನಗೆ ಹೇಳಬೇಡ ಟೀಚರೇ. ನಾನು ಎಷ್ಟು ಜನರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದ್ದೇನೆ. ಯಾರು ನಡೀತಾರೆ, ಯಾರು ನಡೆಯುದಿಲ್ಲ ಅಂತ ಮುಖ ನೋಡಿದರೆ ನನಗೆ ಗೊತ್ತಾಗ್ತದೆ. ಕನ್ನಡಿಯಲ್ಲಿ ನನ್ನ ಮುಖವೂ ನೋಡಿದ್ದೇನೆ" ಎಂದು ಬಾಯಿ ಮುಚ್ಚಿಸಿದ್ದರು.

ಪದವಿನಲ್ಲಿ ಕಸರತ್ತು ಶುರು ಮಾಡಿ ಹತ್ತು ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಮಂಜು ತೆಳುವಾಗುತ್ತಿರುವಾಗ ನಾನು ಬಕೆಟ್ ಎತ್ತುತ್ತಿದ್ದೆ. ಮಂಜಿನೊಳಗಿಂದ ಕೂಗು ಬಂತು.

"ಹಾಗಲ್ಲ ಮಾರಾಯ್ತಿ! ಪಿಚ್ಚರಲ್ಲಿ ಹಾಗೆ ಎತ್ತಿದ್ದಲ್ಲ!"

ಓಡಿಹೋಗಿ ನೋಡಿದರೆ ಜಗಲಿಯ ಕುರ್ಚಿಯಲ್ಲಿ ಬಾಯಮ್ಮ, ಶಾಲು ಸುತ್ತಿಕೊಂಡು. ನಾನು ಮಾಡುತ್ತಿರುವುದು ಯಾವುದೆಂದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. "ಅವಳು ಸೊಂಟ ಬಗ್ಗಿಸುದಿಲ್ಲ, ಕೂತು ಎತ್ತುತ್ತಾಳೆ. ನೀನು ಹೀಗೆ ಎತ್ತಿದರೆ ನಾಳೆ ನನ್ನ ಹತ್ತಿರ ಇನ್ನೊಂದು ಕುರ್ಚಿ ಹಾಕಬೇಕಾಗ್ತದೆ."

"ಹೇಗೆ ಅಂತ ತೋರಿಸಿ" ಎಂದೆ. ಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು.

ಅವರು ಕುರ್ಚಿಯ ಕೈಗಳನ್ನು ಬಿಟ್ಟು, ಎರಡು ಕೈ ಮುಂದೆ ಚಾಚಿ, ಪಾದ ಊರಿ ಎದ್ದೇಬಿಟ್ಟರು. ಅರ್ಧ ನಿಮಿಷ ನಿಂತರೋ ಏನೋ. ಅಕ್ಕ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಬಂದವರು ಹಾಗೇ ನಿಂತರು. ಬಾಯಮ್ಮ ಮತ್ತೆ ಕೂತು, "ಹಾಗೆ" ಎಂದರು. ಅವರ ತುಟಿಯ ಮೇಲೆ ಬೆವರು ಕೂತಿತ್ತು.

ಆಸ್ಪತ್ರೆಯಲ್ಲಿ ಕೊಟ್ಟ ವ್ಯಾಯಾಮದ ಚೀಟಿ ಬೈಬಲಿನ ಒಳಗೆ ಮಡಿಸಿಟ್ಟಿದ್ದರು. ಅದನ್ನು ಕೇಳಿ ತೆಗೆದುಕೊಂಡೆ. ಕುರ್ಚಿಯಿಂದ ಹತ್ತು ಸಲ ಏಳುವುದನ್ನು ಹೊಂಡದ ದೃಶ್ಯಕ್ಕೆ ಹೊಂದಿಸಿದೆ. ವಾಕರ್ ಹಿಡಿದು ಜಗಲಿಯ ಉದ್ದ ನಡೆಯುವುದು ಬಯಲು. ಮಂಚಕ್ಕೆ ಕಟ್ಟಿದ ರಬ್ಬರ್ ಪಟ್ಟಿ ಎಳೆಯುವುದು ಏರು. ತೆವಳುವುದರ ಬದಲು ಮಲಗಿದಲ್ಲೇ ಮಗ್ಗುಲು ಬದಲಿಸುವುದು. ಗೋಡೆಗೆ ಬೆನ್ನು ಕೊಟ್ಟು ಹತ್ತು ಎಣಿಸುವ ತನಕ ನಿಲ್ಲುವುದು ಕೋಟೆ. ಹಾಗೆ ಒಂದು ಚಿಕ್ಕ ಸುತ್ತು. ನಾನು ಪದವಿನಲ್ಲಿ, ಅವರು ಜಗಲಿಯಲ್ಲಿ, ಮಂಜಿನ ಆಚೆ ಈಚೆ. ಅವರು ಪಿಚ್ಚರಿನ ಮಾತು ಹೇಳುತ್ತಾ ಎಣಿಸುತ್ತಿದ್ದರು. "ಸೇತುವೆ ಬಂತು, ಕೆಳಗೆ ನೋಡಬೇಡ." ಮೈಯ ಭಾರ ಎಲ್ಲಿಗೋ ಹೋಗಿ ಆ ಧ್ವನಿ ಮಾತ್ರ ಉಳಿದ ಹಾಗೆ ಆಗುತ್ತಿತ್ತು ನನಗೆ. ಒಂದೊಂದು ದಿನ ಬಕೆಟ್ ಕೈಯಲ್ಲಿ ಇದೆಯೋ ಇಲ್ಲವೋ ಎಂದು ಕೆಳಗೆ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಆ ಸಿನೆಮಾ ನನಗೆ ಪೂರ್ತಿ ಸಿಕ್ಕಿತು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಬರೆದದ್ದು. ಶಾಲೆಯಿಂದ ಬಂದು ಚಹಾ ಕುಡಿಯುತ್ತಾ ನೋಡಲು ಕೂತೆ. ಮೆಟ್ಟಿಲಿನ ಬುಡದಲ್ಲಿ ಮುದುಕಿ ಕೂತಳು. ನೀರು ಕುಡಿಯಲಿಲ್ಲ. ನನ್ನನ್ನು ಬಿಟ್ಟು ಹೋಗಿ ಎಂದಳು, ಅವರು ಬಿಟ್ಟುಹೋದರು. ಕಡೆಯಲ್ಲಿ ಹಗ್ಗ ಎಳೆಯುವ ಕೈ ಎಲ್ಲರಿಗಿಂತ ಚಿಕ್ಕವಳದ್ದು. ಟೇಪಿನ ಬಿಳಿ ಗೆರೆಗಳಿಲ್ಲದೆ ಈಗ ಸ್ಪಷ್ಟವಾಗಿ ಕಂಡಿತು. ಬೆಳಕು ಬಂದು ರಾಜ್ಯ ಎಚ್ಚರವಾದಾಗ ಮುದುಕಿ ಕೂತಲ್ಲಿ ಒಂದು ಬಂಡೆ ಇತ್ತು, ಅದರ ಮೇಲೆ ಹುಲ್ಲು.

ಚಹಾ ಆರಿಹೋಯಿತು. ಇದನ್ನು ಬಾಯಮ್ಮನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ, ಸುತ್ತು ಮುಗಿದು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಾಗ, "ಬಾಯಮ್ಮ, ಪಿಚ್ಚರ್ ಸಿಕ್ಕಿತು. ಅರ್ಥ ಸಹ ಉಂಟು" ಎಂದೆ.

ಅವರು ನನ್ನ ಮುಖ ನೋಡಿದರು. "ಮುದುಕಿ ಏಳುದಿಲ್ಲ ಅಲ್ವಾ?" ಎಂದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ಆ ಕ್ಯಾಸೆಟ್ ಕೊಟ್ಟದ್ದು ನನ್ನ ವಾರ್ಡಿನಲ್ಲಿ ಇದ್ದ ಆ ಪಿಚ್ಚರಿನ ದೇಶದ ನರ್ಸ್. ಕಥೆ ಪೂರ್ತಿ ಹೇಳಿಯೇ ಕೊಟ್ಟಿದ್ದಳು." ವಾಕರನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ನೀವು ಅಷ್ಟು ಮಕ್ಕಳು ಬಾಯಿ ತೆರೆದು ನೋಡ್ತಾ ಇದ್ದಿರಿ. ಮುದುಕಿಯನ್ನು ಅಲ್ಲೇ ಬಿಟ್ಟುಹೋದರು ಅಂತ ಹೇಗೆ ಹೇಳುದು ನಾನು? ನನಗೆ ಬಾಯಿ ಬರಲಿಲ್ಲ."

ಗೇರುಮರದಲ್ಲಿ ಯಾವುದೋ ಹಕ್ಕಿ ಬಿಟ್ಟು ಬಿಟ್ಟು ಕೂಗುತ್ತಿತ್ತು. ಬಾಯಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಮತ್ತೆ ಮಾತಾಡಿದರು. ಇಷ್ಟು ತಿಂಗಳಲ್ಲಿ ಹೇಳದೆ ಇದ್ದದ್ದು.

"ಬಿದ್ದದ್ದಕ್ಕೆ ನನಗೆ ಹೆದರಿಕೆ ಅಲ್ಲ. ಅವತ್ತು ಅಕ್ಕ ಪೇಟೆಗೆ ಹೋಗಿದ್ದಳು. ನಾನು ಮಳೆಯಲ್ಲಿ ಆ ಕಲ್ಲಿನ ಹತ್ತಿರ ಬಿದ್ದುಕೊಂಡೇ ಇದ್ದೆ. ಏಳಲಿಕ್ಕೆ ನೋಡಿದರೆ ಕಾಲು ನನ್ನದೇ ಅಲ್ಲ. ಕಡೆಗೆ ಮಳೆ ನಿಂತಿತು, ಬಿಸಿಲು ಬಂತು, ನನ್ನ ಬಟ್ಟೆ ಒಣಗಿತು. ಇದು ಹೀಗೆಯೇ, ಇನ್ನು ಏಳುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಆಗಿಬಿಟ್ಟಿತು ನೋಡು. ಆ ಸಮಾಧಾನಕ್ಕೆ ನನಗೆ ಹೆದರಿಕೆ."

ಆಮೇಲೆ, "ನೆಲದಿಂದ ಏಳುದು ಹೇಳಿಕೊಡ್ತೀಯಾ?" ಎಂದು ಕೇಳಿದರು. ಎಷ್ಟೋ ಜನರಿಗೆ ಅದನ್ನು ತಾನೇ ಕಲಿಸಿದ ನರ್ಸ್.

ನಾನು ಡಾಕ್ಟರನ್ನು ಕೇಳದೆ ಒಪ್ಪಲಿಲ್ಲ. ಅಕ್ಕ ಫೋನು ಮಾಡಿ ಕೇಳಿದರು. ಆಗಬಹುದು, ಅವಸರ ಮಾಡಬೇಡಿ ಎಂದರಂತೆ ಡಾಕ್ಟರು. ಜಗಲಿಯಲ್ಲಿ ಎರಡು ಹಾಸಿಗೆ ಹಾಸಿದೆವು. ಕೆಳಗೆ ಇಳಿಯುವುದಕ್ಕೇ ಒಂದು ವಾರ ಹಿಡಿಯಿತು. ಮಗ್ಗುಲಾಗುವುದು, ಮೊಣಕೈ ಊರುವುದು, ಮೊಣಕಾಲಿನ ಮೇಲೆ ಬರುವುದು, ಕುರ್ಚಿಯ ಸೀಟು ಹಿಡಿಯುವುದು. ಮೊಣಕಾಲಿನ ತನಕ ಬಂದು ದಿನವೂ ಅಲ್ಲೇ ನಿಲ್ಲುತ್ತಿದ್ದರು. ಒಂದು ದಿನ ಸಿಟ್ಟಿನಲ್ಲಿ ಕೊಂಕಣಿಯಲ್ಲಿ ಏನೇನೋ ಬೈದರು, ಅಕ್ಕ ಶಿಲುಬೆ ಗುರುತು ಹಾಕಿಕೊಂಡು ಒಳಗೆ ಹೋದರು. ಮಾರ್ಚ್ ಕಳೆಯಿತು. ಶಾಲೆಗೆ ರಜೆ ಬಂತು. ಮಂಜು ಹೋಗಿ ಪದವು ಬೆಳಿಗ್ಗೆ ಏಳಕ್ಕೇ ಕಾಯತೊಡಗಿತು, ನಾವು ಐದೂವರೆಗೇ ಶುರು ಮಾಡಿದೆವು.

ಏಪ್ರಿಲಿನ ಒಂದು ಬೆಳಿಗ್ಗೆ, ಬೇಸಗೆಯ ಮೊದಲ ಮಳೆ ಬಿದ್ದ ಮರುದಿನ, ನಾನು ಕೋರೆಯ ಗೋಡೆಗೆ ಬೆನ್ನು ಕೊಟ್ಟು ಎಣಿಸುತ್ತಿದ್ದೆ. ಜಗಲಿಯಿಂದ ಎಣಿಕೆ ಹೇಳುವ ಧ್ವನಿ ಬರಲಿಲ್ಲ. ಗೋಡೆ ಬಿಟ್ಟು ಬಂದು ನೋಡಿದರೆ ಅಲ್ಲಿಯ ಹಾಸಿಗೆ ಖಾಲಿ, ಬಾಯಮ್ಮ ಅಂಗಳಕ್ಕೆ ಇಳಿಯುವ ಮೆಟ್ಟಿಲಲ್ಲಿ ಕೋಲು ಹಿಡಿದು ನಿಂತಿದ್ದಾರೆ. ನೆಲದಿಂದ ಎದ್ದದ್ದನ್ನು ನಾನೂ ನೋಡಲಿಲ್ಲ, ಅಕ್ಕನೂ ನೋಡಲಿಲ್ಲ.

"ಎದ್ದಿರಾ?" ಎಂದು ಕೂಗಿದೆ.

"ಮತ್ತೆ ಇಲ್ಲಿ ನಿಂತದ್ದು ಯಾರು ಮಾರಾಯ್ತಿ!"

ಅಂಗಳ ದಾಟಿ ಅವರು ಪದವಿಗೆ ಬಂದರು. ನಾನು ಪಕ್ಕದಲ್ಲಿ ನಡೆದೆ, ಮುಟ್ಟಲಿಲ್ಲ. ಒದ್ದೆ ಕಲ್ಲಿನಿಂದ ಮಣ್ಣಿನ ವಾಸನೆ ಬಿಸಿಯಾಗಿ ಏಳುತ್ತಿತ್ತು. ಬಕೆಟಿನ ಹತ್ತಿರ ನಿಂತು ಅದರ ಹಿಡಿಕೆ ಮುಟ್ಟಿ ನೋಡಿದರು, ಎತ್ತಲಿಲ್ಲ. ಎತ್ತಬೇಕೆಂದು ಅವರಿಗೂ ಅನಿಸಲಿಲ್ಲ, ನನಗೂ ಹೇಳಬೇಕೆನಿಸಲಿಲ್ಲ.

ಈಗ ಬಾಯಮ್ಮ ವಾರಕ್ಕೆ ನಾಲ್ಕು ದಿನ ಪದವಿಗೆ ಬರುತ್ತಾರೆ. ಕೋಲು ಇದೆ, ಎಡಗಾಲು ಸ್ವಲ್ಪ ಎಳೆಯುತ್ತದೆ, ಇಗರ್ಜಿಯ ಪ್ರಾರ್ಥನೆಯಲ್ಲಿ ಹೆಚ್ಚು ಹೊತ್ತು ಮೊಣಕಾಲೂರಲು ಇನ್ನೂ ಆಗುವುದಿಲ್ಲ. ನಾನು ನಿಲ್ಲದೆ ಮೂರು ಸುತ್ತು ಮಾಡುತ್ತೇನೆ. ಹೋದ ವಾರ ಅವರದು ಒಂದು ಸುತ್ತು ಮುಗಿದು, ಪಾರೆಯ ಮೇಲೆ ಚಾಪೆ ಹಾಕಿ ತಾವಾಗಿಯೇ ಮಲಗಿದರು. ನಾನು ನೀರು ಕುಡಿದು ಬರುವಷ್ಟರಲ್ಲಿ ನಿದ್ದೆ. ಮೋಡ ಸರಿದು ಮುಖಕ್ಕೆ ಎಳೆಬಿಸಿಲು ಬಿದ್ದಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಅವರನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕೊಡೆ ಬಿಡಿಸಿ ನೆರಳು ಅವರ ಕಣ್ಣಿನ ಮೇಲೆ ಬರುವ ಹಾಗೆ ಹಿಡಿದು ಪಕ್ಕದಲ್ಲಿ ಕೂತೆ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ತಿರುವಿನಲ್ಲಿ ಹಾರ್ನ್ ಹಾಕಿ ಹೋಯಿತು. ಕೈ ಸೋತಾಗ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದೆ.