ಸೋಡಾ ಹೊನ್ನೂರಪ್ಪನ ಕಾಕ್‌ಟೇಲ್

ಕುಡಿತದ ವಿಷಯದಲ್ಲಿ ಹಾಲೇಶನಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನೂ ಅವನೇ. ಯಶವಂತನಗರದ ಹತ್ತಿರ ಅದಿರು ಲಾರಿಗಳನ್ನು ತೂಗುವ ಕಾಟಾದಲ್ಲಿ ಅವನು ಗುಮಾಸ್ತ. ಸಂಜೆ ಕಂಪನಿ ಬಸ್ಸಿನಲ್ಲಿ ಹೊಸಪೇಟೆಗೆ ಮರಳುವಾಗ ವಿಸ್ಕಿಗೂ ರಮ್ಮಿಗೂ ಇರುವ ಭೇದವನ್ನು ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ. ನಿಜದಲ್ಲಿ ಅವನ ಅನುಭವ ಒಟ್ಟು ಅರ್ಧ ಬಾಟಲಿ ಬಿಯರು. ಅದರಲ್ಲೂ ಒಂದಿಷ್ಟು ಅಂಗಿಯ ಪಾಲಾಗಿತ್ತು.

ಆ ಹೆಸರು ಕೇಳಿಯೇ ಪಕ್ಕದ ಮನೆಯ ಹೊನ್ನೂರಪ್ಪ ಅವನನ್ನು ಹುಡುಕಿಕೊಂಡು ಬಂದ. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ಎದುರು ಸೋಡಾ ಬಂಡಿ ಇಟ್ಟು ಸಂಸಾರ ನಡೆಸಿದವನು. ಅದಿರು ಲಾರಿಗಳು ಹೆಚ್ಚಿ ರಸ್ತೆ ಅಗಲವಾದಾಗ ಬಂಡಿಯ ಜಾಗ ಹೋಯಿತು. ಓಣಿಯ ತುದಿಯಲ್ಲಿ ಅಂಜಿನಯ್ಯ ಹೊಸದಾಗಿ ತೆರೆದ ರೆಸ್ಟೋರೆಂಟಿಗೆ ಕಾಕ್‌ಟೇಲ್ ಬೆರೆಸುವವನೊಬ್ಬ ಬೇಕಾಗಿತ್ತು. ಶನಿವಾರ ಸಂಜೆ ಪರೀಕ್ಷೆ: ಗಿರಾಕಿಗಳು ಗ್ಲಾಸು ಖಾಲಿ ಮಾಡಿದರೆ ಕೆಲಸ, ಬಿಟ್ಟೆದ್ದರೆ ಇಲ್ಲ.

"ನಾ ಒಂದು ಹನಿ ಮುಟ್ಟಿದಾವ ಅಲ್ಲ. ರುಚಿ ಹೆಂಗ ನೋಡ್ಲೋ? ನಿನ್ನ ನಾಲಿಗಿ ಕೊಡು," ಎಂದ ಹೊನ್ನೂರಪ್ಪ.

"ತಗೋ ಮಾವ, ಇದೇನು ದೊಡ್ಡದು!" ಎಂದ ಹಾಲೇಶ.

ಶನಿವಾರ ಆರಕ್ಕೆ, ರೆಸ್ಟೋರೆಂಟಿನ ಪರದೆಯ ಹಿಂದೆ, ಮೊದಲ ಗುಟುಕು ಹಾಲೇಶನ ಗಂಟಲಲ್ಲಿ ಕೆಂಡದಂತೆ ಇಳಿಯಿತು. ಕಣ್ಣಲ್ಲಿ ನೀರು. ಬಲ್ಲವನೆನಿಸಿಕೊಂಡವನು ಅಳುವಂತಿಲ್ಲವಲ್ಲ! "ಸಕ್ರಿ ಕಮ್ಮಿ ಮಾವ," ಎಂದ. ಎರಡನೆಯದಕ್ಕೆ, "ಇನ್ನೊಂದೀಟು." ಮೂರನೆಯದು ಪಾಯಸವೇ ಆಗಿತ್ತು. ಹಾಲೇಶ ಗೋಡೆ ಹಿಡಿದುಕೊಂಡು, "ಮಸ್ತ್!" ಎಂದು ತೀರ್ಪು ಕೊಟ್ಟ.

ಮೊದಲು ಬಂದವನು ಲಾರಿ ಕಂಟ್ರಾಕ್ಟರ್ ತೋಟಪ್ಪ, ಜೊತೆಗೆ ಮೂವರು ಗೆಳೆಯರು. ಸಂಡೂರು ಗುಡ್ಡದಿಂದ ನೇರ ಬಂದಿದ್ದರು, ಅದಿರಿನ ಧೂಳಿಗೆ ಹುಬ್ಬುಗಳೂ ಕೆಂಪಾಗಿದ್ದವು. ಮೇಜಿನ ಮೇಲೆ ಅಂಗೈಯಗಲದ ತಟ್ಟೆಗಳು: ಒಂದರಲ್ಲಿ ಎರಡು ಮಿರ್ಚಿ, ಇನ್ನೊಂದರಲ್ಲಿ ಹಿಡಿ ಒಗ್ಗರಣೆ ಮಂಡಕ್ಕಿ, ಮತ್ತೊಂದರಲ್ಲಿ ಈರುಳ್ಳಿ ಬೆರೆಸಿದ ಶೇಂಗಾ.

"ಏನ್ರಿ ಅಂಜಿನಯ್ಯ, ನೈವೇದ್ಯಕ್ಕ ಇಟ್ಟೀರೇನು?" ಎಂದ ತೋಟಪ್ಪ.

"ಎಲ್ಲಾ ಸ್ವಲ್ಪ ಸ್ವಲ್ಪ ರುಚಿ ನೋಡ್ರಿ ಅಂತ ಸಾವ್ಕಾರ್ರ!"

ತೋಟಪ್ಪ ಗ್ಲಾಸೆತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟ. "ಇದು ಜಾಮೂನಿನ ಪಾಕ ಐತಲ್ರೀ!" ಉಳಿದ ಮೂರು ಗ್ಲಾಸುಗಳೂ ಹಾಗೇ ನಿಂತವು. ಅಂಜಿನಯ್ಯ ಹೊನ್ನೂರಪ್ಪನತ್ತ ಒಮ್ಮೆ ನೋಡಿದ, ಅಷ್ಟೇ. ಪರದೆಯ ಹಿಂದಿದ್ದ ಹಾಲೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆಗ ತೋಟಪ್ಪ ಕೆಮ್ಮಿದ. ಪಕ್ಕದವನೂ ಕೆಮ್ಮಿದ. ಹೊನ್ನೂರಪ್ಪನ ಕಿವಿ ನೆಟ್ಟಗಾಯಿತು. ಬಂಡಿಯ ಮುಂದೆ ನಿಂತ ಯಾರನ್ನೂ ಅವನು ಏನು ಬೇಕೆಂದು ಕೇಳಿದವನಲ್ಲ. ಕಂಪ್ಲಿಯ ಗದ್ದೆ ಕಡೆಯವರಿಗೆ ಸಿಹಿ, ಗಣಿಯವರಿಗೆ ಉಪ್ಪು. ಕೆಮ್ಮು ಕೇಳಿದರೆ ಸಾಕು, ಕೈ ತಾನೇ ಶುಂಠಿ ಡಬ್ಬಿಗೆ ಹೋಗುತ್ತಿತ್ತು.

"ಧೂಳು ಕುಂತೈತಿ," ಎಂದವನೇ ಸಕ್ಕರೆ ಪಾಕವನ್ನು ಬಚ್ಚಲಿಗೆ ಸುರಿದ. ಜಜ್ಜಿದ ಶುಂಠಿ, ಸೈಂಧವ ಉಪ್ಪು, ಹಿಂಡಿದ ನಿಂಬೆ, ಅಡುಗೆಮನೆಯಿಂದ ತಂದು ಸೀಳಿದ ಹಸಿಮೆಣಸಿನಕಾಯಿ, ಅಳೆದ ರಮ್ಮು; ಕೊನೆಗೆ ಮೊಳದೆತ್ತರದಿಂದ ಸೋಡಾ.

"ರುಚಿ ನೋಡ್ಲಾ ಮಾವ?"

"ಬ್ಯಾಡೋ ಯಪ್ಪಾ, ನೀ ಅಲ್ಲೇ ಕುಂದ್ರು!"

ತೋಟಪ್ಪ ಕುಡಿದ. ಮೇಜು ನಡುಗುವಂಥ ತೇಗು ಬಂತು. "ಮುಂಜಾನಿಂದ ಗಂಟಲಾಗ ಕುಂತಿದ್ದ ಗುಡ್ಡ ಇಳೀತು ನೋಡ್ರಪ್ಪಾ! ಇನ್ನೊಂದು ಹಾಕ್ರಿ. ಆ ನೈವೇದ್ಯದ ಪ್ಲೇಟೂ ಹತ್ತು ತರ್ರಿ!"

ಮುಂದಿನ ಗಂಟೆಯಲ್ಲಿ ಎಲ್ಲ ಮೇಜುಗಳಿಂದಲೂ ಅದೇ ಕೂಗು. ತಟ್ಟೆ ಸಾಗಿಸುವ ಕೆಲಸ ಹಾಲೇಶನ ಪಾಲಿಗೆ ಬಂತು. ಅವನನ್ನು ನಂಬಿ ಬೇರೇನನ್ನೂ ಕೊಡುವ ಹಾಗಿರಲಿಲ್ಲ. ದಾರಿಯಲ್ಲಿ ಜಾರಿದ ಎರಡು ಮಿರ್ಚಿಗಳನ್ನು ಅವನು ನೆಲಕ್ಕೆ ಬೀಳಗೊಡದೆ ಬಾಯಲ್ಲೇ ಹಿಡಿದ.

ಅಂಜಿನಯ್ಯ ಮೇಜಿಂದ ಮೇಜಿಗೆ ಹೋಗಿ ಗ್ಲಾಸುಗಳ ತಳ ನೋಡಿಕೊಂಡು ಬಂದ. "ನಾಳೆ ಐದಕ್ಕ ಬರ್ರಿ ಹೊನ್ನೂರಪ್ಪ."

"ನಾಕಕ್ಕ ಬರ್ತೀನ್ರಿ. ಶುಂಠಿ ಜಜ್ಜೋದು ಭಾಳ ಐತಿ," ಎಂದ ಹೊನ್ನೂರಪ್ಪ, ತಲೆ ಎತ್ತದೆ ಇನ್ನೊಂದು ನಿಂಬೆಹಣ್ಣು ಕೊಯ್ಯುತ್ತ.