ಬಾಣಂತಿಯ ಸ್ಕಾರ್ಫಿನೊಳಗೆ ಡಾಕ್ಟರು

ವಿಡಿಯೋ ಕಾಲ್‌ನಲ್ಲಿ ಡಾಕ್ಟರು "ನಿದ್ದಿ ಬರ್ತದೇನವಾ?" ಎಂದು ಕೇಳಿದ್ದು ಸವಿತಾಳನ್ನು. ಉತ್ತರ ಕೊಟ್ಟದ್ದು ಅವಳ ಅವ್ವ.

"ಬರ್ತದ್ರಿ, ಯಾಕ ಬರೂದಿಲ್ಲ? ಅಗದಿ ಆರಾಮ ಅದಾಳ್ರಿ!"

"ಊಟ?"

"ಮಾಡ್ತಾಳ್ರಿ," ಎಂದಳು ಬಾಜೂ ಮನೆಯ ಕಾಕಿ. ನಮ್ಮಣ್ಣ ಹಿಂದಿನಿಂದ ಇಣುಕಿ, "ತುಪ್ಪಾ ಭಾಳ ಹಾಕ್ತೀವ್ರಿ ಮೇಡಂ," ಎಂದು ಸೇರಿಸಿದ. ಫೋನು ಸ್ಪೀಕರ್‌ನಲ್ಲಿತ್ತು, ಮನೆ ತುಂಬ ಮಂದಿ ಇತ್ತು. ಪೇಷಂಟ್ ಮಾತ್ರ ಗೋಡೆ ನೋಡುತ್ತ ಕೂತಿದ್ದಳು.

ಬಮ್ಮಿಗಟ್ಟಿ ನನ್ನ ತವರು. ಸವಿತಾ ನನ್ನ ಅಣ್ಣನ ಮಗಳು, ಚೊಚ್ಚಲ ಬಾಣಂತನಕ್ಕೆ ಬಂದವಳು. ಕೂಸು ಬಲು ಮುದ್ದು. ಆದರೆ ಹಾಲು ಕುಡಿಸಿದ್ದೇ ತಡ, ಅದನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ಹೊರಳಿಬಿಡುತ್ತಿದ್ದಳು. ಎತ್ತಿ ಆಡಿಸುವುದಂತೂ ಇಲ್ಲವೇ ಇಲ್ಲ. ನಾನು ನೋಡಲು ಹೋದಾಗ ಕೈ ಹಿಡಿದುಕೊಂಡಳು. "ಅತ್ತಿ, ಈ ಕೂಸು ನಂದು ಅನಸವಲ್ದು. ಯಾರಿಗೂ ಹೇಳಬ್ಯಾಡ. ಗಂಡನ ಮನ್ಯಾಗ ಗೊತ್ತಾದ್ರ ಹುಚ್ಚಿ ಅಂತಾರ, ಕೂಸಿನ್ನ ಕಸಗೊಂತಾರ."



ಮನೆಯವರು ಸುಮ್ಮನಿರಲಿಲ್ಲ ಬಿಡಿ. ದೃಷ್ಟಿ ತೆಗೆದಿದ್ದರು, ಗುಡಿಯ ಅಂಗಾರ ಹಚ್ಚಿದ್ದರು. ಎಣ್ಣೆ, ಬಿಸಿನೀರು, ಹೊರಸಿನ ಕೆಳಗೆ ಕೆಂಡದ ಶೇಗಡಿ, ಕಿವಿ ಮುಚ್ಚಿ ಬಿಗಿದ ಸ್ಕಾರ್ಫ್, ಅಂಟಿನುಂಡಿ... ಒಂದೂ ತಪ್ಪಿರಲಿಲ್ಲ. ಮೈಗೆ ಇಷ್ಟೆಲ್ಲ ಆರೈಕೆ. ಮನಸ್ಸಿಗೆ? ಅದು ತಾನೇ ಸರಿಹೋಗಬೇಕು, ಅಲ್ಲವೇ?

ಕಲಘಟಗಿಯ ಆಯುರ್ವೇದದ ಡಾಕ್ಟರೇ ಕಷಾಯ ಕೊಡುವಾಗ, "ಇದು ಶಕ್ತಿಗೆ. ಮನಸ್ಸಿನ ಡಾಕ್ಟರಿಗೂ ತೋರಸ್ರಿ, ತಡಾ ಮಾಡಬ್ಯಾಡ್ರಿ," ಎಂದು ಎಚ್ಚರಿಸಿದ್ದರು. ಹಸಿ ಬಾಣಂತಿಯನ್ನು ಬಸ್ಸಿನಲ್ಲಿ ಕೂರಿಸಿ ಹುಬ್ಬಳ್ಳಿಗೆ ಕರೆದೊಯ್ಯಲು ಮನೆಯವರು ಸುತಾರಾಂ ಒಪ್ಪಲಿಲ್ಲ. ಅದಕ್ಕೇ ನಾನು ಫೋನಿನಲ್ಲೇ ನೋಡುವ ಡಾಕ್ಟರಮ್ಮನನ್ನು ಹುಡುಕಿ ಗಂಟುಹಾಕಿದ್ದು.

ಪಾಪ, ಡಾಕ್ಟರಮ್ಮ ಸಾಕಷ್ಟು ಹೊತ್ತು ತಾಳಿಕೊಂಡರು. ಕೊನೆಗೆ, "ಸವಿತಾ ಒಬ್ಬಾಕಿ ಜೋಡಿ ಮಾತಾಡಬೇಕಾಗಿತ್ತಲ್ರಿ," ಎಂದರು.

ನಮ್ಮ ವೈನಿ, ಅಂದರೆ ಸವಿತಾಳ ಅವ್ವ ಗೌರವ್ವ, ಕಣ್ಣು ಕಣ್ಣು ಬಿಟ್ಟರು. "ಬಾಣಂತೀನ ಒಬ್ಬಾಕಿನ್ನ ಬಿಡೂದ? ನಮ್ಮ ಕಡೆ ಹಂಗ ಬಿಡೂದಿಲ್ರಿ ಮೇಡಂ!"

"ಖರೇ ಐತ್ರಿ, ಒಂಟಿ ಬಿಡಲೇಬ್ಯಾಡ್ರಿ. ಕಣ್ಣಿಗೆ ಕಾಣಂಗ ಕೂಡ್ರಿ, ಆದ್ರ ಮಾತು ಕೇಳಬ್ಯಾಡ್ರಿ."

ಹೇಳುವುದೇನೋ ಸುಲಭ. ಪಿಸುಗುಟ್ಟಿದ್ದು ಹಿತ್ತಿಲಿಗೂ ಕೇಳುವ ಮನೆ ನಮ್ಮದು. ದಾರಿ ಹುಡುಕಿದ್ದು ವೈನಿಯೇ. ಕಾಕಿಯನ್ನೂ ಅಣ್ಣನನ್ನೂ ಹೊರಗಟ್ಟಿದರು. ಮಗಳ ಸ್ಕಾರ್ಫಿನೊಳಗೆ ಇಯರ್‌ಫೋನ್ ಸೇರಿಸಿದರು. (ಹೊರಗಿನಿಂದ ನೋಡಿದರೆ ಶುದ್ಧ ಸಂಪ್ರದಾಯಸ್ಥ ಬಾಣಂತಿ!) ಆಮೇಲೆ ಕೋಣೆಯ ಬಾಗಿಲಾಚೆ ಕೂತು, ಮೊರ ತೆಗೆದುಕೊಂಡು ಜೋಳ ಕೇರತೊಡಗಿದರು. ಝರ್, ಝರ್. ಆ ಸದ್ದಿನಲ್ಲಿ ಒಳಗಿನ ಒಂದು ಮಾತೂ ಹೊರಗೆ ಬರುವಂತಿರಲಿಲ್ಲ. ನಡುನಡುವೆ ಹೊರಳಿ ಮಗಳನ್ನೊಮ್ಮೆ ನೋಡುವರು, ಮತ್ತೆ ಕೇರುವರು. ಹಸನಾದ ಜೋಳವನ್ನೇ ಎಷ್ಟು ಸಲ ಕೇರಿದರೋ!

ಒಳಗೆ ಸವಿತಾ ಅತ್ತಳು, ಮಾತಾಡಿದಳು. ಅದೇನು ಹೇಳಿದಳೋ ನನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು.

ಡಾಕ್ಟರಮ್ಮ ಹಾಲುಣಿಸುವ ತಾಯಿಗೆ ಆಗಿಬರುವ ಮಾತ್ರೆ ಕೊಟ್ಟರು. ಕಷಾಯದಲ್ಲಿ ಏನೇನಿದೆ ಎಂದು ಕಲಘಟಗಿಯ ಡಾಕ್ಟರಿಗೇ ಫೋನ್ ಮಾಡಿ ಕೇಳಿ, ಮಾತ್ರೆಗೆ ಹೊಂದದ ಒಂದನ್ನು ಬಿಡಿಸಿದರು. ಶೇಗಡಿ ಕೋಣೆಯಿಂದಾಚೆ ಹೋಯಿತು. ಎಣ್ಣೆ-ನೀರು ಮಾತ್ರ ನಡೆಯಲಿ ಎಂದರು. ಮೈ ತಿಕ್ಕಿಸಿಕೊಳ್ಳುವಾಗ ನಿಧಾನ ಉಸಿರಾಡುವುದನ್ನು ಕಲಿಸಿದರು. ಎಣ್ಣೆ ಹಚ್ಚುವ ದ್ಯಾಮವ್ವನಿಗೆ ಇದು ಎಷ್ಟು ಸೇರಿತೆಂದರೆ, "ಮೂಗಿಲೆ ಜಗ್ಗು! ಬಾಯಿಲೆ ಬಿಡು!" ಎಂದು ಬಚ್ಚಲಿನಿಂದ ಕೂಗುವುದು ಬಸ್‌ಸ್ಟ್ಯಾಂಡಿಗೂ ಕೇಳಬೇಕು. ಇಡೀ ಓಣಿಗೆ ಪ್ರಾಣಾಯಾಮ ಪುಕ್ಕಟೆ.

ವಾರಗಳು ಕಳೆದ ಹಾಗೆ ನಿಧಾನಕ್ಕೆ ಗುಣ ಕಾಣಿಸಿತು. ಒಂದು ದಿನ ಚಲೋ, ಮರುದಿನ ಮತ್ತೆ ಗೋಡೆಯ ಕಡೆ. ಹಾಗೇ ಸಾಗಿತ್ತು.

ಕಳೆದ ವಾರ ನಾನು ಅಲ್ಲೇ ಇದ್ದೆ. ಒಳಗೆ ಕಾಲ್ ನಡೆದಿತ್ತು, ಹೊರಗೆ ಮೊರ ನಡೆದಿತ್ತು. ಅಷ್ಟರಲ್ಲಿ ಒಂದು ಮಾತೂ ಹೇಳದೆ ಕೇಳದೆ ಬೀಗತಿ, ಸವಿತಾಳ ಅತ್ತೆ, ಕೈಚೀಲ ಹಿಡಿದು ಬಂದೇಬಿಟ್ಟರು.

"ಎಲ್ಲಿ ನನ್ನ ಮೊಮ್ಮಗಾ?" ಎನ್ನುತ್ತ ನೇರ ಕೋಣೆಯ ಕಡೆ ಹೊರಟರು. ನನ್ನ ನಾಲಿಗೆ ತುದಿಯಲ್ಲಿ ಸುಳ್ಳು ತಯಾರಿತ್ತು: "ಮಲಗ್ಯಾಳ್ರಿ."

ವೈನಿ ಮೊರ ಕೆಳಗಿಟ್ಟು ಎದ್ದು ನಿಂತರು.

"ಒಳಗ ಹೋಗಬ್ಯಾಡ್ರಿ ಅಕ್ಕಾರ. ಡಾಕ್ಟರ್ ಜೋಡಿ ಮಾತಾಡಾಕತ್ತಾಳ. ಅಕಿ ಮನಸಿಗೆ ಆರಾಮಿಲ್ಲ, ಔಷಧ ನಡದೈತಿ."

ಗಂಡು ಹೆತ್ತವರ ಮುಂದೆ ತಲೆ ಎತ್ತಿ ಇಷ್ಟು ಮಾತಾಡಿದ ವೈನಿಯನ್ನು ನಾನು ಅದೇ ಮೊದಲು ನೋಡಿದ್ದು.  ಬಾಗಿಲು ಬಿಟ್ಟು ಕದಲಲಿಲ್ಲ.

ಬೀಗತಿ ನಿಂತಲ್ಲೇ ನಿಂತರು. "ಯಾವಾಗಿಂದ?"

"ಹಡದಾಗಿಂದ್ರಿ."

 ಬೀಗತಿ ಚೀಲ ಇಳಿಸಿ ಮೊರದ ಬಾಜೂಕೆ ಕೂತರು. ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನನಗೂ ಹಿಂಗ ಆಗಿತ್ರಿ. ನಿಮ್ಮ ಅಳಿಯಾನ ಹಡದಾಗ. ಒಮ್ಮೆ ಬಾವೀತನಾ ಹೋಗಿ ತಿರುಗಿ ಬಂದೀನಿ. ಕೂಸಿನ್ನ ಕಸಗೊಂತಾರ ಅಂತ ಹೆದರಿ ಯಾರ ಮುಂದನೂ ಬಾಯಿ ಬಿಟ್ಟಿಲ್ಲ." ಮೊರವನ್ನು ತಮ್ಮ ಕಡೆ ಎಳೆದುಕೊಂಡರು. "ಅಕಿ ಪೂರಾ ಮಾತಾಡಿ ಮುಗಸ್ಲಿ. ನೀವು ಕೂಡ್ರಿ, ನಾ ಕೇರ್ತೀನಿ."

ಕಾಲ್ ಮುಗಿಸಿ ಹೊರಬಂದ ಸವಿತಾ, ಬಾಗಿಲಲ್ಲಿ ಕೂತ ಅತ್ತೆಯನ್ನು ಕಂಡು ಬಿಳಿಚಿಕೊಂಡಳು.  ಅತ್ತೆ ಇಷ್ಟೇ ಅಂದರು: "ನನಗ ಎಲ್ಲಾ ಗೊತ್ತಾತು. ಕೂಸು ನಿನ್ನ ಕಡೇನ ಇರತೈತಿ, ಹೆದರಬ್ಯಾಡ." ಸವಿತಾ ಒಳಹೋಗಿ ತಾನೇ ಕೂಸನ್ನು ಎತ್ತಿಕೊಂಡು ಬಂದು ಅವರ ತೊಡೆಯ ಮೇಲಿಟ್ಟು, ಪಕ್ಕದಲ್ಲೇ ಕೂತಳು.

ಹೆಮ್ಮೆ ಅನ್ನಿ, ಸೊಕ್ಕು ಅನ್ನಿ, ಆ ಇಬ್ಬರು ಹೆಣ್ಣುಮಕ್ಕಳ ಬಗ್ಗೆ ನನಗೆ ಎರಡೂ ಇದೆ. ಮಗಳ ಕಷ್ಟವನ್ನು ಒಬ್ಬರು ಮುಚ್ಚಿಡಲಿಲ್ಲ, ಇನ್ನೊಬ್ಬರು ಆಡಿಕೊಳ್ಳಲಿಲ್ಲ. ಯಾವ ದೊಡ್ಡ ಊರಿಗೂ ನಮ್ಮ ಬಮ್ಮಿಗಟ್ಟಿ ಇದರಲ್ಲಿ ಕಡಿಮೆಯಿಲ್ಲ.

ಇರಲಿ, ನಿಮ್ಮನ್ನೊಂದು ಕೇಳಲೇ? "ನನ್ನನ್ನು ಹಡೆದಾಗ ನೀ ಹೆಂಗಿದ್ದಿ?" ಎಂದು ನಿಮ್ಮ ಅವ್ವನನ್ನು ಎಂದಾದರೂ ಕೇಳಿದ್ದೀರಾ?